ಎಫ್‌ಮಾಡ್ ಸ್ಟುಡಿಯೊ: ಹಂಚಿನ ಮಾಡಿನ ಮಳೆಯಿಂದ ಶುರುಮಾಡಿ

ಮಂಗಳೂರು, ಉಡುಪಿ ಕಡೆ ಯೂನಿಟಿ ಎಂಬ ಗೇಮ್ ಎಂಜಿನ್‌ನಲ್ಲಿ ಗೇಮ್ ಕಟ್ಟುವವರು ಧ್ವನಿಗೆ ಮೊದಲು ಹಿಡಿಯಬೇಕಾದ ಮಿಡಲ್‌ವೇರ್, ಅಂದರೆ ಎಂಜಿನ್‌ಗೆ ಧ್ವನಿ ಜೋಡಿಸುವ ತಂತ್ರಾಂಶ, ಎಫ್‌ಮಾಡ್ ಸ್ಟುಡಿಯೊ. ಇಂಥದೇ ಇನ್ನೊಂದು ತಂತ್ರಾಂಶ ವೈಸ್ (Wwise) ಕೂಡ ಸಮರ್ಥವೇ, ಆದರೆ ಅದರ ಪರದೆ ಹೊಸಬರನ್ನು ಕಂಗೆಡಿಸುತ್ತದೆ. ಎಫ್‌ಮಾಡ್‌ನ ಟೈಮ್‌ಲೈನ್ ಆಡಿಯೊ ಎಡಿಟಿಂಗ್ ಬಲ್ಲವರಿಗೆ ಪರಿಚಿತವೇ.

ಅಭ್ಯಾಸಕ್ಕೆ ಇಲ್ಲಿನ ಮಳೆಗಾಲ ಸಾಕು. ಹಂಚಿನ ಮಾಡಿನ ಮೇಲಿನ ಜಿಟಿಜಿಟಿ ಮಳೆ, ಜಡಿಮಳೆ ಎರಡನ್ನೂ ರೆಕಾರ್ಡ್ ಮಾಡಿ. ಹೊಸ ಈವೆಂಟ್‌ಗೆ (ಗೇಮ್ ಕರೆದು ನುಡಿಸುವ ಧ್ವನಿ ಘಟಕ) ಮಳೆಯ ಜೋರು ಸೂಚಿಸುವ, 0ರಿಂದ 1ರವರೆಗಿನ ಪ್ಯಾರಾಮೀಟರ್ ಸೇರಿಸಿ. ಅದರ ಶೀಟ್‌ನ ಒಂದೇ ಟ್ರ್ಯಾಕಿನಲ್ಲಿ ಎರಡೂ ಲೂಪ್‌ಗಳ ಅಂಚು ಒಂದರ ಮೇಲೊಂದು ಬರುವಂತೆ ಎಳೆದರೆ ಕ್ರಾಸ್‌ಫೇಡ್ (ಒಂದು ಸದ್ದು ಕರಗುತ್ತ ಇನ್ನೊಂದು ಏರುವುದು) ತಾನಾಗಿ ಬೀಳುತ್ತದೆ. ಮುರಕಲ್ಲಿನ ಅಂಗಳದ ಹೆಜ್ಜೆಗೆ ಮಲ್ಟಿ ಇನ್‌ಸ್ಟ್ರುಮೆಂಟ್ ಬಳಸಿ: ಪ್ರತಿ ಸಲ ಒಂದನ್ನು ಆರಿಸಿ ನುಡಿಸಲು ಐದಾರು ತುಣುಕು, ಪಿಚ್ ತುಸು ಬದಲಾಗುತ್ತಿರಲು ರ್ಯಾಂಡಮ್ ಮಾಡ್ಯುಲೇಟರ್. ಒಂದೇ ಫೈಲ್ ಹಾಕಿದರೆ ನಾಲ್ಕು ಹೆಜ್ಜೆಯೊಳಗೆ ಬಣ್ಣ ಬಯಲು.

ಗೇಮ್‌ನಲ್ಲಿ ಸದ್ದೇ ಇಲ್ಲವೇ? ಮೊದಲು ಎಫ್7 ಒತ್ತಿ ಬ್ಯಾಂಕ್ (ಗೇಮ್ ಓದುವ ಧ್ವನಿ ಕಡತ) ಬಿಲ್ಡ್ ಮಾಡಿದ್ದೀರಾ, ಈವೆಂಟನ್ನು ಬ್ಯಾಂಕಿಗೆ ಸೇರಿಸಿದ್ದೀರಾ ನೋಡಿ. ಆಮೇಲೆ ಕ್ಯಾಮೆರಾದ ಮೇಲೆ ಎಫ್‌ಮಾಡ್‌ನದೇ ಸ್ಟುಡಿಯೊ ಲಿಸನರ್ ಇದೆಯೇ ನೋಡಿ. ಯೂನಿಟಿಯ ಆಡಿಯೊ ಲಿಸನರ್ ಮಾತ್ರ ಇದ್ದರೆ ಸಾಲದು. ಕೋಡ್‌ನಿಂದ ಈವೆಂಟ್ ಇನ್‌ಸ್ಟೆನ್ಸ್ (ಈವೆಂಟಿನ ಒಂದೊಂದು ಪ್ರತಿ) ಸೃಷ್ಟಿಸಿ, ಅದನ್ನು ಬಿಡಿಸುವ ರಿಲೀಸ್ ಫಂಕ್ಷನ್ ಕರೆಯದಿದ್ದರೆ ಅವು ಮೆಮೊರಿಯಲ್ಲೇ ಠಿಕಾಣಿ ಹೂಡುತ್ತವೆ. ಲೂಪ್ ಇರುವ ಈವೆಂಟಂತೂ ನಿಲ್ಲಿಸುವ ತನಕ ಬಡಿಯುತ್ತಲೇ ಇರುತ್ತದೆ.

ನಿಜವಾದ ಲಾಭ ಲೈವ್ ಅಪ್‌ಡೇಟ್: ಗೇಮ್ ಓಡುತ್ತಿರುವಾಗಲೇ ವಾಲ್ಯೂಮ್ ತಿದ್ದಬಹುದು.

ಸಣ್ಣ ಬಜೆಟ್‌ನ ಗೇಮ್‌ಗಳಿಗೆ ಲೈಸೆನ್ಸ್ ಪುಕ್ಕಟೆ, ಆದರೆ ಗೇಮ್‌ನಲ್ಲಿ ಎಫ್‌ಮಾಡ್ ಲೋಗೊ ತೋರಿಸಲೇಬೇಕು. ಮಿತಿ ಎಷ್ಟೆಂದು ಬಿಡುಗಡೆಗೆ ಮುನ್ನ ಎಫ್‌ಮಾಡ್‌ನ ಜಾಲತಾಣದಲ್ಲೇ ಓದಿಕೊಳ್ಳಿ.