ಆಯಿಲ್ ಬದಲಿಸಿದ ಮೇಲೆ ಹಳೇ ರಬ್ಬರ್ ರಿಂಗ್ ಎಲ್ಲಿ ಅಂತ ಕೇಳಿ

ಕಾರಿಗೆ ಸದ್ಯದಲ್ಲೇ ಆಯಿಲ್ ಬದಲಾಯಿಸುವವರು ದಯವಿಟ್ಟು ಇದನ್ನು ಓದಿ. ಇಂಜಿನ್ ಆಯಿಲ್ ಸೋಸುವ ಫಿಲ್ಟರಿನ ಬಾಯಿಗೆ ಹಾಕುವ ರಬ್ಬರ್ ರಿಂಗ್ ಒಂದರಿಂದ ನಮ್ಮ ಇಂಜಿನ್ನೇ ಹೋಗುವುದರಲ್ಲಿತ್ತು.

ಮನೆ ಹತ್ತಿರದ ಗ್ಯಾರೇಜಿನಲ್ಲಿ ಸರ್ವಿಸ್ ಮಾಡಿಸಿದ್ದೆವು. ಊರೊಳಗಿನ ಟ್ರಾಫಿಕ್‌ನಲ್ಲಿ ಓಡಾಡಿದಾಗ ಏನೂ ಗೊತ್ತಾಗಲಿಲ್ಲ. ಆಮೇಲೆ ತುಮಕೂರಿಗೆ ಹೊರಟೆವು. ಬೆಂಗಳೂರಿನ ಗೊರಗುಂಟೆಪಾಳ್ಯದಲ್ಲಿ ಫ್ಲೈಓವರ್ ಹತ್ತಿ ವೇಗ ಹಿಡಿಯುತ್ತಿದ್ದಂತೆ ಮೀಟರಿನಲ್ಲಿ ಆಯಿಲ್‌ನ ಕೆಂಪು ದೀಪ ಹತ್ತಿತು. ಓಡಿಸುತ್ತಿದ್ದ ನನ್ನ ತಮ್ಮ ತಕ್ಷಣ ಎಡಕ್ಕೆ ತಂದು ಇಂಜಿನ್ ಆಫ್ ಮಾಡಿದ. ಹಿಂದೆ ನೋಡಿದರೆ ರಸ್ತೆಯಲ್ಲಿ ಉದ್ದಕ್ಕೆ ಆಯಿಲ್. ಬೈಕಿನವರು ಜಾರಿಬಿದ್ದರೆ ಏನು ಗತಿ ಅಂತ ಗಾಬರಿಯಾಗಿ ಮೊದಲು 112ಕ್ಕೆ ಫೋನ್ ಮಾಡಿದೆವು.

ಗ್ಯಾರೇಜಿನವರು ಫೋನಿನಲ್ಲಿ, "ಕೆಳಗೆ ಕಲ್ಲು ಹೊಡೆದಿರಬೇಕು ಸಾರ್" ಎಂದರು. ಗಾಡಿ ನೋಡದೆ ಹಾಗೆ ಹೇಳಿದ್ದು ಸರಿಯಲ್ಲ. ಟೋಯಿಂಗ್ ಮಾಡಿಸಿ ಪೀಣ್ಯದಲ್ಲಿ ಬೇರೆ ಮೆಕ್ಯಾನಿಕ್‌ಗೆ ತೋರಿಸಿದೆವು. ಅವರು ಫಿಲ್ಟರ್ ಬಿಚ್ಚಿದರು. ಒಂದರ ಮೇಲೊಂದು ಎರಡು ರಿಂಗ್! ಹಳೇ ಫಿಲ್ಟರ್ ತೆಗೆದಾಗ ಅದರ ರಿಂಗ್ ಇಂಜಿನ್‌ಗೇ ಅಂಟಿಕೊಂಡು ಉಳಿದಿತ್ತು. ಅದರ ಮೇಲೇ ಹೊಸದನ್ನು ತಿರುಗಿಸಿ ಬಿಟ್ಟಿದ್ದರು.

ಎರಡು ರಿಂಗ್ ಇದ್ದರೆ ಸರಿಯಾಗಿ ಕೂರುವುದಿಲ್ಲ. ಗಾಡಿ ನಿಂತಲ್ಲೇ ಸ್ಟಾರ್ಟ್ ಆಗಿದ್ದಾಗ ಆಯಿಲ್ ಪ್ರೆಷರ್ ಕಡಿಮೆ, ಹಾಗಾಗಿ ಹೇಗೋ ತಡೆದುಕೊಳ್ಳುತ್ತದೆ. ರೇಸ್ ಜಾಸ್ತಿಯಾದಾಗ ಒಂದು ರಿಂಗ್ ಪಕ್ಕಕ್ಕೆ ಚಿಮ್ಮಿ ಆಯಿಲ್ ಎಲ್ಲ ಹೊರಗೆ ಸುರಿಯುತ್ತದೆ. ಅದಕ್ಕೇ ಗ್ಯಾರೇಜಿನಲ್ಲಿ ಸ್ಟಾರ್ಟ್ ಮಾಡಿ "ಲೀಕ್ ಇಲ್ಲ" ಅಂದರೆ ಸಾಲದು. ಹಳೇ ಫಿಲ್ಟರಿನಲ್ಲಿ ರಿಂಗ್ ಇದೆಯಾ ಅಂತ ನೀವೇ ನೋಡಬೇಕು. ಇಲ್ಲ ಅಂದರೆ ಅದು ಇಂಜಿನ್‌ನಲ್ಲೇ ಇದೆ ಅಂತಲೇ ತಿಳಿಯಿರಿ.

ಹೊಸ ರಿಂಗ್‌ಗೆ ಬೆರಳಲ್ಲಿ ಸ್ವಲ್ಪ ಆಯಿಲ್ ಸವರಬೇಕು. ಒಣಗಿದ್ದರೆ ತಿರುಗಿಸುವಾಗ ಮಡಚಿಕೊಳ್ಳುತ್ತದೆ. ರಿಂಗ್ ತಾಗಿದ ಮೇಲೆ ಸಾಮಾನ್ಯವಾಗಿ ಮುಕ್ಕಾಲು ಸುತ್ತು ಕೈಯಲ್ಲೇ ಬಿಗಿ ಮಾಡಿದರೆ ಸಾಕು. ಫಿಲ್ಟರ್ ಮೇಲೆ ಬೇರೆ ಅಳತೆ ಬರೆದಿದ್ದರೆ ಅದನ್ನೇ ಅನುಸರಿಸಬೇಕು. ಕಾಗದದ ಫಿಲ್ಟರನ್ನು ಮುಚ್ಚಳದೊಳಗೆ ಕೂರಿಸುವ ಗಾಡಿಗಳಲ್ಲಿ ಮುಚ್ಚಳದ ರಿಂಗನ್ನೂ ಬದಲಿಸಬೇಕು. ಬೆಂಗಳೂರಿನ ಜೆ.ಸಿ. ರಸ್ತೆಯ ಬಿಡಿಭಾಗದ ಅಂಗಡಿಗಳಿಂದ ನೀವೇ ಫಿಲ್ಟರ್ ತರುವುದಾದರೆ ಪಾರ್ಟ್ ನಂಬರ್ ಸರಿಯಾಗಿ ನೋಡಿ ತನ್ನಿ.

ಆ ಕೆಂಪು ದೀಪ ಹತ್ತಿದರೆ "ಮುಂದಿನ ಬಂಕ್‌ವರೆಗೆ ಹೋಗೋಣ" ಅನ್ನಬೇಡಿ. ಪ್ರೆಷರ್ ಹೋದರೆ ಕ್ರ್ಯಾಂಕ್ (ಇಂಜಿನ್ ಒಳಗೆ ತಿರುಗುವ ದಂಡ) ಮತ್ತು ಅದನ್ನು ಹಿಡಿದಿರುವ ಬೇರಿಂಗ್ ನಡುವಿನ ಆಯಿಲ್ ಪದರ ಹೋಗಿ ಲೋಹಕ್ಕೆ ಲೋಹ ಉಜ್ಜುತ್ತದೆ. ಸ್ವಲ್ಪ ಹೊತ್ತಿನಲ್ಲೇ ಇಂಜಿನ್ ಸೀಜ್ ಆಗಿ ತಿರುಗದೇ ನಿಲ್ಲಬಹುದು. ಇಂಜಿನ್‌ಗೆ ಗಾಳಿ ಒತ್ತುವ ಟರ್ಬೋ ಇದ್ದರೆ ಅದಕ್ಕೂ ಪೆಟ್ಟು. ನಮ್ಮ ಗಾಡಿಯ ಇಂಜಿನ್ ಕೆಳಗಿನ ಆಯಿಲ್ ಚೇಂಬರ್ ಬಿಚ್ಚಿ ನೋಡಿದರು, ಬೇರಿಂಗ್‌ಗೆ ಗೀರು ಬಿದ್ದಿಲ್ಲ. ತಮ್ಮ ಆಗಲೇ ಆಫ್ ಮಾಡಿದ್ದರಿಂದ ಬಚಾವಾಯಿತು.

ಆ ಎರಡೂ ರಿಂಗ್, ಫೋಟೋ, ಸರ್ವಿಸ್ ಬಿಲ್ ಎಲ್ಲ ತೆಗೆದಿಟ್ಟು ಗ್ಯಾರೇಜಿನವರ ಹತ್ತಿರ ಖರ್ಚು ಕೇಳಿದ್ದೇವೆ. ಬಿಲ್ ಕೊಡದ ಕಡೆ ಸರ್ವಿಸ್‌ಗೆ ಬಿಡಲೇಬೇಡಿ.