ಹಳೇ ಹಿತ್ತಾಳೆ ತಪ್ಪಲೆಗೆ ಸೀಸದ ಕಲಾಯಿ: ಪಾತ್ರೆ ಕೊಡುವ ಮುಂಚೆ ಇದಿಷ್ಟು ನೋಡಿ

ಗೌರಿ ಹಬ್ಬ ಹತ್ತಿರವಾದರೆ ಹಾಸನ, ಚಿಕ್ಕಮಗಳೂರು ಕಡೆ ಅಟ್ಟದ ಹಿತ್ತಾಳೆ ಪಾತ್ರೆಗಳೆಲ್ಲ ಕೆಳಗಿಳಿಯುತ್ತವೆ. ಸಕಲೇಶಪುರದ ಹತ್ತಿರದ ಮನೆಯೊಂದರ ಕೊಳದಪ್ಪಲೆ ಪಾಲಿಶ್, ಕಲಾಯಿ ಎರಡೂ ಮುಗಿಸಿಕೊಂಡು ಕನ್ನಡಿಯಂತೆ ಹೊಳೆಯುತ್ತ ಬಂತು. ಒಳಗೆ ಬಿಳಿ ಬಟ್ಟೆಯಿಂದ ಉಜ್ಜಿದರೆ ಪೆನ್ಸಿಲ್ ಗೀಚಿದ ಹಾಗೆ ಬೂದುಗಪ್ಪು ಗುರುತು. ಹೊರಗೆ ಕಂಠದ ಕೆಳಗೆ ಚುಕ್ಕಿ ಚುಕ್ಕಿಯಾಗಿ ಕೊರೆಸಿದ್ದ ಮನೆಯವರ ಹೆಸರಿನಲ್ಲಿ ಉಳಿದದ್ದು ಎರಡೇ ಅಕ್ಷರ.

ಹೆಸರು ಹೋದದ್ದು ಪಾಲಿಶ್ ಮಾಡುವ ಬಫಿಂಗ್ ಚಕ್ರಕ್ಕೆ. ಅದು ಕಿಲುಬಿನ ಜೊತೆ ಲೋಹವನ್ನೂ ತಿನ್ನುತ್ತದೆ; ಅಂಚು, ಅಕ್ಷರ, ನಕಾಸಿ ಮೊದಲು ಸವೆಯುತ್ತವೆ. ಕೊಡುವಾಗಲೂ ತರುವಾಗಲೂ ತೂಕ ಹಾಕಿಸಿ, ಅಕ್ಷರದ ಫೋಟೋ ಇಟ್ಟುಕೊಳ್ಳಿ.

ಒಳಗಿನದು ಇದಕ್ಕಿಂತ ಕೆಟ್ಟದ್ದು. ಕಲಾಯಿ ಅಂದರೆ ಪಾತ್ರೆಯ ಒಳಗೆ ಬಳಿಯುವ ತವರದ ಪದರ. ತವರದ ಬೆಲೆ ಸೀಸದ ಹತ್ತು ಪಟ್ಟಿಗೂ ಹೆಚ್ಚು, ಹಾಗಾಗಿ ಬೆಸುಗೆಗೆ ಬಳಸುವ ತವರ-ಸೀಸದ ಕಡ್ಡಿಯನ್ನೇ ಬಳಿದುಬಿಡುವವರಿದ್ದಾರೆ. ಶುದ್ಧ ತವರ ಕರಗಲು 232 ಡಿಗ್ರಿ ಬೇಕು. ಬೆಸುಗೆ ಕಡ್ಡಿ 183ರ ಸುಮಾರಿಗೇ ಕರಗಲು ಶುರು. ಕೆಲಸ ಸಲೀಸು. ಆಮೇಲೆ ಅದರಲ್ಲಿ ಹುಣಸೆಹುಳಿಯ ಸಾರು ಕುದಿಸಿದರೆ ಸೀಸ ನೇರ ಊಟಕ್ಕೆ ಇಳಿಯುತ್ತದೆ. ರುಚಿಯಲ್ಲಾಗಲಿ ವಾಸನೆಯಲ್ಲಾಗಲಿ ಸುಳಿವು ಸಿಗದು, ಪೆಟ್ಟು ಬೀಳುವುದು ಮಕ್ಕಳಿಗೆ ಮೊದಲು.

ಆದ್ದರಿಂದ ಎದುರಿಗೇ ನಿಂತು ಮಾಡಿಸಿ. ಕಲಾಯಿಗೆ ತಂದ ಕಡ್ಡಿಯನ್ನು ಕಿವಿಯ ಹತ್ತಿರ ಹಿಡಿದು ಬಗ್ಗಿಸಿದರೆ ಶುದ್ಧ ತವರ ಕರಕರ ಅನ್ನುತ್ತದೆ. ಸೀಸ ಹೆಚ್ಚಿದ್ದರೆ ಮೆತ್ತಗೆ, ಸದ್ದಿಲ್ಲದೆ ಬಾಗುತ್ತದೆ. ಬಿಳಿ ಕಾಗದದ ಮೇಲೆ ಎಳೆದೂ ನೋಡಿ, ಕಪ್ಪು ಗೆರೆ ಬಿದ್ದರೆ ಪಾತ್ರೆ ಎತ್ತಿಕೊಂಡು ಹೊರಡಿ. ಸರಿಯಾದ ಕೆಲಸದಲ್ಲಿ ಜಿಡ್ಡು ಸುಟ್ಟು, ತಿಕ್ಕಿ ತೊಳೆದು, ಇದ್ದಿಲ ಬೆಂಕಿಯ ಮೇಲೆ ಕಾಯಿಸುತ್ತಾರೆ. ನವಸಾಗರದ (ಅಮೋನಿಯಂ ಕ್ಲೋರೈಡ್) ಪುಡಿ ಎರಚಿದಾಗ ದಟ್ಟ ಬಿಳಿ ಹೊಗೆ ಏಳುತ್ತದೆ (ದೂರ ನಿಲ್ಲಿ, ಗಂಟಲು ಹಿಡಿಯುತ್ತದೆ). ತವರ ತಾಗಿಸಿ ಹತ್ತಿಯಲ್ಲಿ ಒರೆಸಿದರೆ ಅದು ಹಾಲಿನ ಕೆನೆಯಂತೆ ಹರಡುತ್ತದೆ. ಒರೆಸಿದ ಗೆರೆಗಳು ಕಾಣಬೇಕು.  ಕಾವು ಹೆಚ್ಚಾದರೆ ತವರ ಹಳದಿಗೆ ತಿರುಗುತ್ತದೆ, ಜಿಡ್ಡು ಉಳಿದಿದ್ದರೆ ಅಲ್ಲಲ್ಲಿ ಹಿಡಿಯದೆ ಹಿತ್ತಾಳೆ ಇಣುಕುತ್ತದೆ.

ಮನೆಯಲ್ಲೇ ಬೆಳಗುವವರಿಗೂ ಒಂದು ಮಾತು. ಬಚ್ಚಲಿನ ಆಸಿಡ್ ಹಾಕಬೇಡಿ. ಹಿತ್ತಾಳೆಯೆಂದರೆ ತಾಮ್ರ, ಸತು. ಆಸಿಡ್ ಸತುವನ್ನು ಕರಗಿಸಿ ತಾಮ್ರವನ್ನಷ್ಟೇ ಬಿಡುತ್ತದೆ. ಹಾಗೆ ಉಳಿದ ಗುಲಾಬಿ ಮಚ್ಚೆ ಮೇಲ್ಮೈಯ ಕೊಳೆಯಲ್ಲ, ಉಜ್ಜಿದರೆ ಹೋಗದು. ನಿಂಬೆಹಣ್ಣಿನ ಗಾತ್ರದ ಹುಣಸೆಹಣ್ಣು, ಒಂದು ಚಮಚ ಉಪ್ಪು, ಐದು ನಿಮಿಷ ಸಾಕು. ಆಮೇಲೆ ಲೀಟರ್ ನೀರಿಗೆ ಒಂದು ದೊಡ್ಡ ಚಮಚ ಅಡುಗೆ ಸೋಡಾ ಕದಡಿ ತೊಳೆದು ತಕ್ಷಣ ಒಣಬಟ್ಟೆಯಲ್ಲಿ ಒರೆಸಿ. ಮಲೆನಾಡಿನ ಮಳೆಗಾಲದಲ್ಲಿ ಒದ್ದೆ ಬಿಟ್ಟರೆ ಬೆಳಗಾಗುವಷ್ಟರಲ್ಲಿ ಮತ್ತೆ ಕಪ್ಪು.  

ಶುದ್ಧ ತವರದ ಕಲಾಯಿಗೂ ಮಿತಿಯಿದೆ. ಅದರಲ್ಲಿ ಒಗ್ಗರಣೆ ಬೇಡ. ಬರಿಪಾತ್ರೆ ಒಲೆಯ ಮೇಲೆ ಕಾದರೆ ತವರ ಕರಗಿ ತಳದಲ್ಲಿ ಹನಿಗಟ್ಟುತ್ತದೆ. ಸ್ಟೀಲ್ ನಾರೂ ಬೇಡ.

ಈಗಾಗಲೇ ಬೂದುಗಪ್ಪು ಬಿಡುವ ಪಾತ್ರೆ ಮನೆಗೆ ಬಂದಿದ್ದರೆ ಅಡುಗೆಗೆ ಇಳಿಸಬೇಡಿ. ಚಿನ್ನದ ಶುದ್ಧತೆ ನೋಡುವ ಎಕ್ಸ್‌ಆರ್‌ಎಫ್ ಯಂತ್ರ ಸೀಸವನ್ನೂ ಗುರುತಿಸಬಲ್ಲದು, ಹಾಲ್‌ಮಾರ್ಕ್ ಕೇಂದ್ರದಲ್ಲಿ ಕೇಳಿ ನೋಡಿ. ಪದರವನ್ನು ನೀವೇ ಕೆರೆಯಲು, ಸುಡಲು ಹೋಗಬೇಡಿ. ಆ ಧೂಳು ಉಸಿರಿಗೆ ಹೋಗುತ್ತದೆ. ತಿಳಿದ ಕಲಾಯಿಯವರು ತೆಗೆದು ಹೊಸದಾಗಿ ಹಾಕಿಕೊಡುವವರೆಗೆ ಅದರಲ್ಲಿ ನೀರು ತುಂಬಿ ಹೂವು ತೇಲಿಬಿಡಬಹುದು.