ಹೈಡೆನ್‌ಹೈಮ್‌ನ ಫೋಯ್ಟ್ ಅರೇನಾ: ಪುಟ್ಟ ಊರಿನ ಎತ್ತರದ ಅಂಗಳ

ದಕ್ಷಿಣ ಜರ್ಮನಿಯ ಹೈಡೆನ್‌ಹೈಮ್ ಸುಮಾರು 50,000 ಜನಸಂಖ್ಯೆಯ ಕೈಗಾರಿಕಾ ಪಟ್ಟಣ. ಕಾಗದ ತಯಾರಿಕೆಯ ಯಂತ್ರಗಳಿಗೆ ಖ್ಯಾತವಾದ ಸ್ಥಳೀಯ ಕಂಪನಿಯ ಹೆಸರು ಹೊತ್ತ ಫೋಯ್ಟ್ ಅರೇನಾ ಅಲ್ಲಿನ ಕೋಟೆಗುಡ್ಡದ ಮೇಲೆ, ಸಮುದ್ರಮಟ್ಟದಿಂದ 555 ಮೀಟರ್ ಎತ್ತರದಲ್ಲಿದೆ. 15,000 ಪ್ರೇಕ್ಷಕರಷ್ಟೇ ಹಿಡಿಸುವ ಈ ಫುಟ್‌ಬಾಲ್ ಕ್ರೀಡಾಂಗಣದ ಕಟ್ಟಡದಲ್ಲಿ ಹೇಳಿಕೊಳ್ಳುವಂತಹ ಸೊಬಗೇನೂ ಇಲ್ಲ. ಆದರೆ ಓಟದ ಪಥ ಅಡ್ಡ ಬಾರದಿರುವುದರಿಂದ ಆಟ ಕಣ್ಣೆದುರೇ ನಡೆದಂತಿರುತ್ತದೆ.

ಇಲ್ಲಿಗೆ ಹೋಗಲು ನಿಜವಾದ ಕಾರಣ ಇಲ್ಲಿ ಆಡುವ ಊರಿನ ಫುಟ್‌ಬಾಲ್ ಕ್ಲಬ್‌ನ ಇತಿಹಾಸ. ಇದೇ ಊರಿನಲ್ಲಿ ಹುಟ್ಟಿ, ಇದೇ ತಂಡಕ್ಕೆ ಆಡಿ, 2007ರಲ್ಲಿ ತರಬೇತುದಾರರಾದ ಫ್ರಾಂಕ್ ಶ್ಮಿಟ್ ಅವರು ತಂಡವನ್ನು ಪ್ರಾದೇಶಿಕ ಲೀಗ್‌ನಿಂದ ಮೆಟ್ಟಿಲು ಮೆಟ್ಟಿಲಾಗಿ ಮೇಲಕ್ಕೆ ತಂದರು. 2023ರಲ್ಲಿ ರೇಗನ್ಸ್‌ಬುರ್ಗ್‌ನಲ್ಲಿ 0-2ರಿಂದ ಹಿಂದಿದ್ದ ತಂಡ, ಮೊದಲು ಒಂದು ಗೋಲು ಹಾಗೂ 90 ನಿಮಿಷಗಳು ಮುಗಿದ ಮೇಲೆ ಇನ್ನೆರಡು ಗೋಲು ಹೊಡೆದು 3-2ರಿಂದ ಗೆದ್ದು ಜರ್ಮನಿಯ ಅತ್ಯುನ್ನತ ಲೀಗ್ ಬುಂಡೆಸ್‌ಲಿಗಾಕ್ಕೆ ಏರಿತು. (ಹೈಡೆನ್‌ಹೈಮ್ ಗೆಲ್ಲದಿದ್ದರೆ ಆ ಸ್ಥಾನ ಹ್ಯಾಂಬುರ್ಗ್ ತಂಡದ್ದಾಗುತ್ತಿತ್ತು; ಅದರ ಅಭಿಮಾನಿಗಳು ಆ ವೇಳೆಗೆ ಸಂಭ್ರಮ ಶುರುಮಾಡಿಬಿಟ್ಟಿದ್ದರು!) ಮರುವರ್ಷದ ಏಪ್ರಿಲ್‌ನಲ್ಲಿ ಇದೇ ಅಂಗಳದಲ್ಲಿ ಜರ್ಮನಿಯ ಬಲಾಢ್ಯ ತಂಡ ಬಯರ್ನ್ ಮ್ಯೂನಿಕ್ ಕೂಡ ಎರಡು ಗೋಲುಗಳ ಮುನ್ನಡೆ ಕಳೆದುಕೊಂಡು 3-2ರಿಂದ ಸೋತಿತು.

ಪಟ್ಟಣದಿಂದ ನಡೆದು ಬರುವವರಿಗೆ ಏರುದಾರಿ ಆಯಾಸ ತರುತ್ತದೆ. ವಯಸ್ಸಾದವರು ವಾಹನದಲ್ಲಿ ಬರುವುದೇ ಲೇಸು. ಆಸನಗಳು ಕಡಿಮೆಯಿರುವುದರಿಂದ ದೊಡ್ಡ ತಂಡಗಳ ಪಂದ್ಯಕ್ಕೆ ಮುಂಚಿತವಾಗಿಯೇ ಟಿಕೆಟ್ ಕಾದಿರಿಸಬೇಕು.